ಹಾರ ಹಾಕಿದ ವಾಲ್ವು

ಪಾಪಿನಾಯಕನಹಳ್ಳಿ ದಾಟಿ ತೋರಣಗಲ್ಲಿನ ಕಡೆ ಹೋಗುವಾಗ ಒಂದು ಹಳ್ಳ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಕೂತವರು ಅದನ್ನು ಹಳ್ಳ ಎಂದು ಒಪ್ಪಲಿಕ್ಕಿಲ್ಲ. ಮಳೆಗಾಲದ ನಾಲ್ಕು ದಿನ ಬಿಟ್ಟರೆ ಅದರಲ್ಲಿ ಇರುವುದು ಮರಳು, ಜಾಲಿ, ಲಾರಿಯವರು ಕುಡಿದು ಎಸೆದ ಬಾಟ್ಲಿ. ಆ ಮರಳಿನ ಒಂದು ಮಗ್ಗುಲಲ್ಲಿ, ಬಂಡೆಯ ಬುಡಕ್ಕೆ, ಒಂದು ಒರತೆ ಇತ್ತು. ಮರಳು ತೋಡಿ ಮಾಡಿದ ಗುಂಡಿ ಅಷ್ಟೇ. ಅಡಿಯಲ್ಲಿ ನೀರು ತಾನೇ ಜಿನುಗಿ ನಿಲ್ಲುತ್ತಿತ್ತು. ಕೇರಿಯ ಹೆಂಗಸರು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ತೆಂಗಿನ ಚಿಪ್ಪಿನಿಂದ ಗೋರಿ ಗೋರಿ ಕೊಡ ತುಂಬಿಸುತ್ತಿದ್ದರು. ಗೋರಿದಷ್ಟೂ ಬರುತ್ತಿತ್ತು, ಅವಸರ ಮಾಡಿದರೆ ಕದಡುತ್ತಿತ್ತು.

ಊರ ಬಾವಿಗೆ ಬಿಡದ ಕಾಲದಲ್ಲಿ ಕೇರಿಯ ಹಿರಿಯರು ತೋಡಿಕೊಂಡ ಒರತೆ ಅದು. ಆಮೇಲೆ ಕಾಲ ಬದಲಾಯಿತು ಅನ್ನುತ್ತಾರಲ್ಲ, ಹಾಗೆ ಬೋರು ಬಂತು, ನಲ್ಲಿ ಬಂತು, ಊರ ಬಾವಿ ಹಾಳುಬಿದ್ದು ಕಸದ ಗುಂಡಿಯಾಯಿತು. ಆದರೆ ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲ, ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತದೆ. ಬಟ್ಟೆಬರೆಗೆ ನಲ್ಲಿ, ಬಾಯಿಗೆ ಒರತೆ ಎಂದು ಕೇರಿಯವರು ಮಾಡಿಕೊಂಡರು. ಒಂದು ಕಾಲಕ್ಕೆ ಇವರ ನೆರಳಿಗೂ ಸರಿಯುತ್ತಿದ್ದ ಮನೆಯವರು ಈಗ ಬೈಕಿನಲ್ಲಿ ಕ್ಯಾನು ತಂದು ಇದೇ ನೀರು ಒಯ್ಯುತ್ತಿದ್ದರು. ಕೇರಿಯವರು ನೋಡಿಯೂ ಏನೂ ಅನ್ನುತ್ತಿರಲಿಲ್ಲ.

ಸಂಘಮಿತ್ರಾ ಆ ನೀರು ಕುಡಿದು ಬೆಳೆದವಳು. ಅಪ್ಪ ಹಂಪಯ್ಯ ಕಂಪ್ಲಿ ಕಡೆಯ ಕಾಲುವೆಯಲ್ಲಿ ತೂಬು ಎತ್ತುವ, ಇಳಿಸುವ ಕೆಲಸದಲ್ಲಿದ್ದ. ಮಗಳು ಹುಟ್ಟುವ ಮೊದಲೇ ಬೌದ್ಧ ದೀಕ್ಷೆ ತಗೊಂಡು, ಜಗಲಿಯ ಮೇಲಿನ ದೇವರನ್ನೆಲ್ಲ ಇಳಿಸಿ, ಮಗಳಿಗೆ ಕೇರಿಯಲ್ಲಿ ಯಾರ ನಾಲಿಗೆಗೂ ಹೊರಳದ ಹೆಸರಿಟ್ಟ. "ಯಾರ ದೇವರಿಗೂ ಕೈ ಮುಗೀಬ್ಯಾಡ, ಯಾರ ದೇವರನ್ನೂ ಬೈಬ್ಯಾಡ" ಎಂದು ಅವನು ಮಗಳಿಗೆ ಹೇಳಿಕೊಟ್ಟಿದ್ದ. ತಾಯಿ ರೇಣುಕಾದೇವಿ ಗಂಡ ಹೇಳಿದ್ದಕ್ಕೆಲ್ಲ ಹೂಂ ಅಂದವಳು, ಕಾಲು ಎಡವಿದರೆ ಮಾತ್ರ ಬಾಯಿಂದ ಹುಲಿಗೆಮ್ಮನ ಹೆಸರು ಹೊರಡುತ್ತಿತ್ತು. ಹಂಪಯ್ಯ ನಕ್ಕು ಸುಮ್ಮನಾಗುತ್ತಿದ್ದ. ಅವನು ತೀರಿಕೊಂಡಾಗ ಮಗಳು ಬಳ್ಳಾರಿಯಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಳು.

ಓದು ಮುಗಿದ ಮೇಲೆ ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಒಳ್ಳೆಯ ಕೆಲಸವೇ ಸಿಕ್ಕಿತ್ತು. ಬಸ್ಸು, ಕ್ಯಾಂಟೀನು, ಕೊರಳಿಗೆ ಕಾರ್ಡು ಎಲ್ಲ ಇತ್ತು. ಅದನ್ನು ಬಿಟ್ಟು, ಹಳ್ಳದ ಮೇಲ್ಗಡೆ ಇದ್ದ ಒಂದು ಸಣ್ಣ ರೋಲಿಂಗ್ ಮಿಲ್ಲಿಗೆ ಸೇರಿದಾಗ ಗೆಳತಿಯರು ತಲೆ ಕೆಟ್ಟಿದೆಯೇ ಎಂದು ಕೇಳಿದರು. ಅವಳು ತಾಯಿಗೆ ಮಾತ್ರ ಕಾರಣ ಹೇಳಿದಳು.

"ಅಲ್ಲಿ ದೊಡ್ಡದೊಂದು ಎಣ್ಣಿ ಟ್ಯಾಂಕ್ ಐತವ್ವ. ಅದರ ಮೋರಿ ನಮ್ಮ ಹಳ್ಳಕ್ಕ ಬಂದು ಬೀಳ್ತೈತಿ. ಅಲ್ಲಿ ನಮ್ಮೋರು ಯಾರರ ಒಬ್ಬರು ಇರಬೇಕು."

ರೇಣುಕಾದೇವಿಗೆ ಟ್ಯಾಂಕು ಗೀಂಕು ಅರ್ಥವಾಗದಿದ್ದರೂ ಮಗಳು ಕೇರಿಯ ನೀರು ಕಾಯಲು ಹೋಗಿದ್ದಾಳೆ ಎಂಬುದು ಅರ್ಥವಾಯಿತು. ಒರತೆಯ ಹತ್ತಿರ ಕೂತು ನಾಲ್ಕು ಜನಕ್ಕೆ ಹೇಳಿಯೂ ಹೇಳಿದಳು. ಹೆಮ್ಮೆ ಪಡುವ ಸಂದರ್ಭ ಅವಳ ಬಾಳಿನಲ್ಲಿ ಹೆಚ್ಚು ಬಂದಿರಲಿಲ್ಲ.

ಆ ಮಿಲ್ಲು ಹಳೆಯ ಕಬ್ಬಿಣ ಕಾಯಿಸಿ ಸರಳು ಎಳೆಯುವ ಮಿಲ್ಲು. ಕುಲುಮೆ ಉರಿಸಲು ಫರ್ನೇಸ್ ಆಯಿಲ್ ಎಂಬ ಕರಿಯ ಎಣ್ಣೆ ಬೇಕು, ಆ ಎಣ್ಣೆಗೆ ಟ್ಯಾಂಕು ಬೇಕು. ಅಂಥ ಟ್ಯಾಂಕಿನ ಸುತ್ತ ಸೊಂಟದೆತ್ತರದ ಕಾಂಕ್ರೀಟ್ ಕಟ್ಟೆ ಇರಬೇಕು ಅನ್ನುತ್ತದೆ ನಿಯಮ. ಟ್ಯಾಂಕು ಸೋರಿದರೆ ಎಣ್ಣೆ ಕಟ್ಟೆಯೊಳಗೇ ನಿಲ್ಲಬೇಕು. ಒಳಗೆ ಮಳೆನೀರು ನಿಂತರೆ ಹೊರಗೆ ಬಿಡಲು ಬುಡದಲ್ಲಿ ಒಂದು ಕೊಳವೆ, ಅದಕ್ಕೊಂದು ವಾಲ್ವು. ವಾಲ್ವು ಯಾವಾಗಲೂ ಬಂದ್ ಇರಬೇಕು. ತೆರೆಯುವ ಮೊದಲು ಒಬ್ಬರು ನೀರು ನೋಡಬೇಕು, ಎಣ್ಣೆ ಇಲ್ಲವೆಂದು ಖಾತ್ರಿಯಾದರೆ ಬಿಡಬೇಕು, ಬಿಟ್ಟು ಆದ ಕೂಡಲೇ ತಿರುಗಿಸಿ ಮುಚ್ಚಬೇಕು. ಒಂದನೇ ಕ್ಲಾಸಿನ ಮಗುವಿಗೂ ತಿಳಿಯುವ ಸಂಗತಿ, ಆದರೆ ಅದನ್ನು ಒಂದು ಮಿಲ್ಲಿನಲ್ಲಿ ಮಾಡಿಸುವುದು ಎಂದರೆ ದೇವರೇ ಗತಿ ಎನ್ನಬೇಕು, ಅದನ್ನೂ ಸಂಘಮಿತ್ರಾ ಅನ್ನುವ ಹಾಗಿರಲಿಲ್ಲ.

ಅವಳು ಸೇರಿದಾಗ ಕಟ್ಟೆಯಲ್ಲಿ ಕೈ ತೂರುವಷ್ಟು ಬಿರುಕುಗಳಿದ್ದವು. ಕೊಳವೆಗೆ ವಾಲ್ವೇ ಇರಲಿಲ್ಲ, ಗೋಣಿತಟ್ಟು ತುರುಕಿದ್ದರು. ಮ್ಯಾನೇಜರ್ ವೆಂಕಟೇಶ್ ಕೆಟ್ಟವನಲ್ಲ. ಯಾವುದಕ್ಕೂ ಇಲ್ಲ ಅನ್ನದೆ, ಏನನ್ನೂ ಮಾಡದೆ ದಿನ ದೂಡುವ ಜಾತಿಯವನು. ಅವನ ಹಿಂದೆ ಬಿದ್ದು, ಮುನಿಸಿಕೊಂಡು, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದರೆ ಏನು ಉತ್ತರ ಕೊಡುತ್ತೀರಿ ಎಂದು ಹೆದರಿಸಿ, ಅವಳು ಬಿರುಕು ಮುಚ್ಚಿಸಿದಳು, ವಾಲ್ವು ಹಾಕಿಸಿದಳು. ಅದರ ಚಕ್ರಕ್ಕೆ ಎಲ್ಲರ ಕಣ್ಣಿಗೆ ಬೀಳಲೆಂದು ತಾನೇ ನಿಂತು ಕೆಂಪು ಬಣ್ಣ ಹೊಡೆಸಿದಳು. ಮಿಲ್ಲಿನಲ್ಲಿ ಅವಳ ಹೆಸರು ಕಟ್ಟಿ ಮೇಡಂ ಎಂದಾಯಿತು. ಚೇಷ್ಟೆಗೆ ಇಟ್ಟ ಹೆಸರೇ, ಆದರೂ ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು.

ಟ್ಯಾಂಕಿನ ಅಂಗಳ ನೋಡಿಕೊಳ್ಳುತ್ತಿದ್ದವನು ಕಾಳಪ್ಪ. ಸಂಡೂರಿನ ಗಣಿಗಳಲ್ಲಿ ಅದಿರು ಒಡೆದು ವಯಸ್ಸು ಕಳೆದು, ಗಣಿ ನಿಂತ ಮೇಲೆ ಇಲ್ಲಿಗೆ ಬಂದು ಬಿದ್ದವನು. ಹೇಳಿದ ಕೆಲಸ ಮಾಡುವವನು, ಹೇಳದ್ದನ್ನು ಮಾಡುವವನಲ್ಲ. ಮೇಡಂ ವಾಲ್ವು ಬಂದ್ ಅಂದರೆ ಬಂದ್. ಅವನಿದ್ದಾನೆ ಎಂದು ಅವಳು ರಜೆ ಹಾಕುವಷ್ಟು ಅವನನ್ನು ನಂಬಿದ್ದಳು.

ತೊಂದರೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅವತ್ತು ಮಿಲ್ಲು ಬಂದ್. ಯಂತ್ರ, ಲಾರಿ, ತೂಕದ ಕಾಟ, ಕೊನೆಗೆ ಆಫೀಸಿನ ಕಂಪ್ಯೂಟರು, ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಟ್ಯಾಂಕಿಗೂ ಸ್ನಾನ. ತೊಳೆದ ನೀರು ಹೊರಗೆ ಹೋಗಲು ವಾಲ್ವು ತೆರೆಯಲೇಬೇಕು. ಪೂಜೆ ಆದ ಮೇಲೆ ಮರುದಿನ ಬೆಳಗಿನ ತನಕ ಯಾವ ಆಯುಧವನ್ನೂ ಮುಟ್ಟುವ ಹಾಗಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅವತ್ತೊಂದು ದಿನ ವಿಶ್ರಾಂತಿ. ಸುಂದರವಾದ ಪದ್ಧತಿ ಎಂದು ಸಂಘಮಿತ್ರಾಗೂ ಅನ್ನಿಸಿದ್ದಿದೆ. ಆದರೆ ಅವಳು ಬಣ್ಣ ಹೊಡೆಸಿದ ಕೆಂಪು ಚಕ್ರ ಎದ್ದು ಕಾಣುತ್ತಿದ್ದುದರಿಂದ ಅದಕ್ಕೂ ಒಂದು ಹಾರ ಬೀಳುತ್ತಿತ್ತು. ಹಾರ ಬಿದ್ದ ಮೇಲೆ ಅದೂ ಆಯುಧವೇ.

ಮೊದಲ ವರ್ಷಗಳಲ್ಲಿ ಅದು ತಮಾಷೆಯಾಗಿಯೇ ಕಳೆಯಿತು. ಪೂಜೆಯ ಹೊತ್ತಿಗೆ ಅವಳು ದೂರ ನಿಲ್ಲುತ್ತಿದ್ದಳು. ಎಲ್ಲರೂ ಊಟಕ್ಕೆ ಕೂತ ಮೇಲೆ ಹೋಗಿ, ಹಾರವನ್ನು ಒಂದು ಕೈಯಲ್ಲಿ ಮೆಲ್ಲಗೆ ಸರಿಸಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ಬರುತ್ತಿದ್ದಳು. "ಮೇಡಂಗ ನಡೀತೈತಿ ಬಿಡ್ರಿ, ಅವರಿಗೆ ನಮ್ಮ ದೇವರ ಹಂಗಿಲ್ಲ" ಎಂದು ಕಾಳಪ್ಪ ಹೋಳಿಗೆ ಮುರಿಯುತ್ತ ನಗುತ್ತಿದ್ದ. ಅವನಿಗೂ ಸಮಾಧಾನ, ಅವಳಿಗೂ ಸಮಾಧಾನ.

ಹೋದ ವರ್ಷ ಪೂಜೆಯಾಗಿ ಸ್ವಲ್ಪ ದಿನಕ್ಕೆ ಒಬ್ಬ ಕೆಲಸಗಾರನ ಕೈ ರೋಲರಿಗೆ ಸಿಕ್ಕಿತು. ರೋಲರಿಗೆ ಕೈ ಸಿಗದಂತೆ ಇರಬೇಕಾದ ತಡೆಯನ್ನು ಯಾರೋ ಬಿಚ್ಚಿಟ್ಟಿದ್ದರು, ಅದು ಕಾರಣ. ಆದರೆ ತಡೆಯ ಸುದ್ದಿ ಯಾರಿಗೂ ರುಚಿಸಲಿಲ್ಲ. ಮೇಡಂ ಪೂಜೆಯಾದ ವಾಲ್ವು ಮುಟ್ಟಿದ್ದರು ಎಂಬ ಸುದ್ದಿ ರುಚಿಸಿತು. ಮುಟ್ಟಿದ್ದರು ಎಂಬ ಮಾತಿನ ಮೇಲೆ ಸ್ವಲ್ಪ ಹೆಚ್ಚೇ ಒತ್ತು ಬೀಳುತ್ತಿತ್ತು. ಯಾವ ಮುಟ್ಟುವಿಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ವರ್ಷ ದಸರೆ ಹತ್ತಿರ ಬಂದಾಗ ವೆಂಕಟೇಶ್ ಅವಳನ್ನು ಕರೆದು ಕೂರಿಸಿದ. ಚಹಾ ತರಿಸಿದ. ಅವನು ಚಹಾ ತರಿಸಿದನೆಂದರೆ ಮಾತು ಹದವಾಗಿಲ್ಲ ಎಂದು ಅರ್ಥ.

"ನೋಡ್ರಿ ಸಂಘಮಿತ್ರಾ, ನಾನು ಇಂಥಾವೆಲ್ಲ ನಂಬಂಗಿಲ್ಲ. ಆದ್ರ ಹುಡುಗರ ಮನಸ್ಸು ಹಂಗೈತಿ. ಈ ಸಲ ಪೂಜಿ ಆದಮ್ಯಾಗ ನೀವು ಟ್ಯಾಂಕ್ ಕಡೆ ಹೋಗಬ್ಯಾಡ್ರಿ."

"ನಾನು ಹೋಗೋದು ಪೂಜಿ ನೋಡಾಕಲ್ರಿ ಸರ್. ವಾಲು ಬಂದ್ ಮಾಡಾಕ."

"ಪೂಜಿಗಿಂತ ಮೊದ್ಲ ಬಂದ್ ಮಾಡಸ್ತೀನಿ. ನನ್ನ ಜವಾಬ್ದಾರಿ, ಆಯ್ತಲ್ಲ?"

"ಆಯ್ತು. ಬಂದ್ ಆದ್ರ ನಾನ್ಯಾಕ ಬರಲಿ."

ಮಾತು ಮುಗಿಯಿತು. ಚಹಾ ಹಾಗೇ ಬಿಟ್ಟು ಎದ್ದು ಬಂದಳು. ಇಷ್ಟು ವರ್ಷ ಇವರು ಬಿಟ್ಟದ್ದನ್ನೆಲ್ಲ ಮುಚ್ಚುತ್ತ ಬಂದವಳು ತಾನು, ಈಗ ತನ್ನ ಕೈಯೇ ಬೇಡವಾಯಿತೇ ಎಂಬ ಮಾತೇ ಆ ವಾರವೆಲ್ಲ ತಲೆಯಲ್ಲಿ ತಿರುಗಿತು. ತಾಯಿಗೆ ಏನೂ ಹೇಳಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಮಿಲ್ಲಿಗೆ ಹೋಗಿ ಕಾಳಪ್ಪನನ್ನು ಹಿಡಿದು ಹೇಳಿದಳು. "ಕಾಳಪ್ಪಣ್ಣ, ನೀರು ಹೋದ ಕೂಡ್ಲೆ ಮುಚ್ಚಿಬಿಡು. ಹಾರ ಹಾಕೂದ್ರೊಳಗ ಆಗಬೇಕು. ಟ್ಯಾಂಕ್ ನಿನ್ನೆ ತುಂಬ್ಯಾರ, ಕಂಠಮಟ ಐತಿ."

"ಆತ್ರಿ ಮೇಡಂ, ಅದೇನ್ ದೊಡ್ಡ ಕೆಲಸ" ಎಂದ ಕಾಳಪ್ಪ. ಅವನ ಕೈಯಲ್ಲಿ ಹುಣಸೆಹಣ್ಣು ತಿಕ್ಕಿ ತೊಳೆಯುತ್ತಿದ್ದ ಹಿತ್ತಾಳೆ ಗಂಟೆ ಇತ್ತು.

ಆದರೆ ಕರೆಂಟು ಹೋಯಿತು. ಮೋಟರು ನಿಂತು, ತೊಳೆಯುವುದು ತಡವಾಯಿತು. ಕರೆಂಟು ಬಂದು ಹುಡುಗರು ಟ್ಯಾಂಕಿನ ಮೈಗೆ ನೀರು ಹೊಡೆಯುವ ಹೊತ್ತಿಗೆ ಪೂಜಾರಿ ಬಂದು, ರಾಹುಕಾಲ ಬಂತು ಜಲ್ದಿ ಮಾಡ್ರಿ ಎಂದು ಅವಸರ ಶುರುಮಾಡಿದ. ಟ್ಯಾಂಕಿನ ಎರಡು ಕಡೆ ಬಾಳೆಕಂಬ ನಿಲ್ಲಿಸಿದರು. ಒಂದು ಕಂಬಕ್ಕೆ ಕಟ್ಟಲು ಆಸರೆ ಸಿಗಲಿಲ್ಲ. ಟ್ಯಾಂಕಿನೊಳಗೆ ಎಣ್ಣೆ ಎಷ್ಟಿದೆ ಎಂದು ಹೊರಗಿನಿಂದ ಕಾಣಲು ಮೈಗೆ ಉದ್ದಕ್ಕೆ ಒಂದು ಪಾರದರ್ಶಕ ಪೈಪು ಇರುತ್ತದೆ, ಬೆರಳಿಗಿಂತ ತುಸು ದಪ್ಪ. ಬಾಳೆಕಂಬವನ್ನು ಅದಕ್ಕೇ ಸುತಳಿಯಿಂದ ಬಿಗಿದರು. ಕಟ್ಟಿದವನಿಗೆ ಅದು ಕಂಬ ಕಟ್ಟಲೆಂದೇ ಇಟ್ಟ ಪೈಪಿನಂತೆ ಕಂಡಿರಬೇಕು.

ಸಂಘಮಿತ್ರಾ ಆಫೀಸಿನ ವರಾಂಡದಲ್ಲಿ ನಿಂತಿದ್ದಳು. ಅಲ್ಲಿಂದ ಸುತಳಿ ಕಾಣುತ್ತಿರಲಿಲ್ಲ, ಕೆಂಪು ಚಕ್ರ ಕಾಣುತ್ತಿತ್ತು. ಕೊಳವೆಯಿಂದ ನೀರು ಇನ್ನೂ ಸುರಿಯುತ್ತಿತ್ತು. ಕಾಳಪ್ಪ ಚಕ್ರದ ಪಕ್ಕದಲ್ಲೇ ನಿಂತು ನೀರು ನಿಲ್ಲಲೆಂದು ಕಾಯುತ್ತಿದ್ದ. ಅಷ್ಟರಲ್ಲಿ ಪೂಜಾರಿ ಮಂತ್ರ ಹೇಳುತ್ತಲೇ ಬಂದು ಚಕ್ರಕ್ಕೆ ಹಾರ ಇಳಿಬಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದ. ತಡೆಯಲೆಂದು ಕಾಳಪ್ಪನ ಕೈ ಮೇಲೆದ್ದಿತ್ತು, ಹಾಗೇ ಜೋಡಿಸಿ ಮುಗಿದುಬಿಟ್ಟ.

ಎಲೆಯಲ್ಲಿ ಪ್ರಸಾದ ಹಿಡಿದು ಅವನು ವರಾಂಡಕ್ಕೆ ಬಂದಾಗ ಮುಖ ಸಪ್ಪಗಿತ್ತು. ಅವಳು ಪ್ರಸಾದ ತಿನ್ನುವುದಿಲ್ಲ ಎಂದು ಅವನಿಗೆ ಗೊತ್ತು, ಅದಕ್ಕೇ ಬರೀ ಬಾಳೆಹಣ್ಣು ತಂದಿದ್ದ.

"ನೀರು ಇನ್ನಾ ಹೊಂಟಿತ್ರಿ ಮೇಡಂ. ಅಷ್ಟ್ರಾಗ ಆ ಅಯ್ಯ ಹಾರ ಹಾಕಿಬಿಟ್ಟ."

"ಈಗ ನೀರು ನಿಂತೈತಲ್ಲ. ಹೋಗಿ ಬಂದ್ ಮಾಡು."

"ಹ್ಯಾಂಗ್ ಮುಟ್ಟಲ್ರಿ. ಮಕ್ಕಳು ಮರಿ ಇರಾಂವ ನಾನು. ನಾಳಿ ಮುಂಜಾನಿಕ ಬಂದು ಮೊದ್ಲ ಕೆಲಸ ಅದ ಮಾಡ್ತೀನಿ."

ಹೇಳಿಯೂ ಅವನು ಹೋಗಲಿಲ್ಲ. ಬಾಗಿಲ ಕಂಬ ಹಿಡಿದು, ನೆಲ ನೋಡುತ್ತ ನಿಂತ. ಏನು ಕೇಳಲು ನಿಂತಿದ್ದಾನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ನೀವಾದರೂ ಹೋಗಿ ತಿರುಗಿಸಿರಿ, ನಿಮಗೆ ನಡೆಯುತ್ತದೆ ಎಂದು ಹೇಳಬೇಕೆಂದಿದ್ದ. ವೆಂಕಟೇಶನ ಮಾತು ಅವನ ಕಿವಿಗೂ ಬಿದ್ದಿತ್ತು, ಹೇಳುವ ಧೈರ್ಯವಾಗಲಿಲ್ಲ.

ಅವಳು ಕಾದಳು. ಒಂದು ಮಾತು ಕೇಳಲಿ, ಎದ್ದು ಹೋಗುತ್ತೇನೆ ಎಂದುಕೊಂಡಳು. ಇವರ ದೇವರು ಇವರ ಕೈ ಕಟ್ಟಿಹಾಕಿದ ದಿನ ಇವರಿಗೆ ಬೇಕಾಗುವುದು ಕಟ್ಟಿಲ್ಲದ ಒಂದು ಕೈ. ಆ ಕೈಯನ್ನು ಇವರೇ ಬೇಡವೆಂದರು, ಇವರೇ ಬಂದು ಕರೆಯಲಿ. ಮಿಲ್ಲು ನಿಂತಿದೆ, ಎಣ್ಣೆ ಇಳಿಸುವ ಲಾರಿ ಬರುವುದಿಲ್ಲ, ಒಂದು ದಿನಕ್ಕೆ ಏನಾಗುತ್ತದೆ. ತಪ್ಪು ಲೆಕ್ಕ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆ ಯಾರಾದರೂ ಈ ಮಾತು ಆಡಿದ್ದರೆ ಅವರಿಗೆ ಗಂಟೆಗಟ್ಟಲೆ ಪಾಠ ಹೇಳುತ್ತಿದ್ದಳು.

ಕಾಳಪ್ಪ ಬಾಳೆಹಣ್ಣು ಕುರ್ಚಿಯ ಮೇಲಿಟ್ಟು ಹೋದ. ಅವಳು ಸ್ಕೂಟಿ ಹತ್ತಿ ಮನೆಗೆ ಬಂದಳು.

ಸಂಜೆಗೆ ಚಿತ್ತಿ ಮಳೆ ಎದ್ದಿತು. ಮೊದಲು ಕೆಂಪು ಧೂಳಿನ ಗಾಳಿ, ಆಮೇಲೆ ದಪ್ಪ ಹನಿ. ಕೇರಿಯ ತಗಡುಗಳೆಲ್ಲ ಬಡಿದುಕೊಳ್ಳತೊಡಗಿದಾಗ ಅವಳಿಗೆ ವಾಲ್ವು ನೆನಪಾಯಿತು. ಎದ್ದು ಚಪ್ಪಲಿ ಮೆಟ್ಟಿದಳು. ಗೇಟಿನಲ್ಲಿ ಯಾರೋ ಹೊಸ ಕಾವಲುಗಾರ ಇರುತ್ತಾನೆ, ಪೂಜೆಯ ದಿನ ಮತ್ತೆ ಬಂದು ಮುಟ್ಟಿದಳು ಅನ್ನುತ್ತಾನೆ ಎಂದುಕೊಂಡು ಬಾಗಿಲಲ್ಲೇ ನಿಂತಳು. "ಈ ಮಳ್ಯಾಗ ಎಲ್ಲಿಗೆ ಹೊಂಟ್ಯಬೇ?" ಎಂದು ತಾಯಿ ಕೇಳಿದಳು. ಎಲ್ಲಿಗೂ ಇಲ್ಲ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಅದೇ ಗಾಳಿಗೆ ಮಿಲ್ಲಿನಲ್ಲಿ ಬಾಳೆಕಂಬ ಉರುಳಿತು. ಉರುಳುವಾಗ ಸುತಳಿ ಬಿಗಿದಿದ್ದ ಪೈಪನ್ನು ಬುಡದಿಂದ ಕಿತ್ತುಕೊಂಡು ಬಿತ್ತು. ದಿನವಿಡೀ ಬಿಸಿಲಿಗೆ ಕಾದು ತೆಳುವಾಗಿದ್ದ ಎಣ್ಣೆ ಆ ತೂತಿನಿಂದ ಕಟ್ಟೆಯೊಳಗೆ ಇಳಿಯಿತು. ಕಟ್ಟೆಯಲ್ಲಿ ಒಂದು ಬಿರುಕೂ ಇರಲಿಲ್ಲ, ಎಲ್ಲವನ್ನೂ ಹಿಡಿದಿಡುವಷ್ಟು ಗಟ್ಟಿ ಇತ್ತು. ಬುಡದ ವಾಲ್ವು ಮಾತ್ರ ಹಾರ ಹಾಕಿಕೊಂಡು ಬಾಯಿ ತೆರೆದಿತ್ತು. ಎಣ್ಣೆ ಮಳೆನೀರಿನ ಮೇಲೆ ತೇಲಿ ಮೋರಿಗೆ ಬಂತು, ಮೋರಿಯಿಂದ ಹಳ್ಳಕ್ಕೆ ಬಂತು.

ವಿಜಯದಶಮಿಯ ಬೆಳಿಗ್ಗೆ ರೇಣುಕಾದೇವಿ ಕೊಡ ಹಿಡಿದು ಹೋದವಳು ಬೇಗನೆ ಬಂದಳು. ಹಳ್ಳ ಬಂದು ಹೋದ ಮರುದಿನ ಒರತೆಯ ಕಸ ಎತ್ತಿ ಹೊಸ ನೀರು ತರುವುದು ರೂಢಿ. ಕೊಡ ಮಗಳ ಮುಂದೆ ಇಳಿಸಿದಳು.

"ನೋಡಬೇ, ಇವತ್ತ ನೀರು ಯಾಕೋ ವಾಸನಿ ಹೊಡೀತೈತಿ. ಚಿಪ್ಪೆಲ್ಲ ಜಿಡ್ಡಾಗ್ಯಾವು."

ನೋಡಬೇಕಾಗಿರಲಿಲ್ಲ. ವಾಸನೆ ಬಾಗಿಲಲ್ಲೇ ಹೊಡೆದಿತ್ತು. ಆ ವಾಸನೆಯಲ್ಲಿ ಅವಳು ದಿನಾ ಕೆಲಸ ಮಾಡುತ್ತಿದ್ದಳು. ತಾಯಿಯ ಮುಂಗೈಯಲ್ಲಿ, ಸೀರೆಯ ಅಂಚಿನಲ್ಲಿ ಕಪ್ಪು ಗೆರೆಗಳಿದ್ದವು. ಸಂಘಮಿತ್ರಾ ಗಾಡಿ ತೆಗೆದಳು.

ಮಿಲ್ಲಿನ ಅಂಗಳದಲ್ಲಿ ಕಾಳಪ್ಪ ಕಟ್ಟೆಯ ಹತ್ತಿರ ನಿಂತಿದ್ದ. ಟ್ಯಾಂಕು ಪೈಪಿನ ತೂತಿನ ಮಟ್ಟಕ್ಕೆ ಬರಿದಾಗಿತ್ತು. ಅವಳು ಹಾರ ಕಿತ್ತು ಬಿಸಾಡಿ ಚಕ್ರ ತಿರುಗಿಸಿದಳು. ಇನ್ನು ಅದು ಮುಚ್ಚಿದರೇನು, ತೆರೆದರೇನು. ಕಾಳಪ್ಪ ಗೋಡೆಗೆ ಒರಗಿ ಕೂತು ಅತ್ತ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ.

ಹುಲ್ಲಿನ ಪಿಂಡಿ, ಮರದ ಹೊಟ್ಟು, ಮರಳಿನ ಚೀಲ, ಏನು ಸಿಕ್ಕಿತೋ ಅದನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿಸಿ ಹಳ್ಳಕ್ಕೆ ಅಡ್ಡ ಹಾಕಿಸಿದಳು. ಹಬ್ಬದ ದಿನ ಜನ ಸಿಗದೆ ಕೇರಿಯ ಹುಡುಗರೇ ಬಂದು ಕೈಹಾಕಿದರು. ಎಣ್ಣೆ ಮುಂದಕ್ಕೆ ಹೋಗದಂತೆ ತಡೆದದ್ದು ನಿಜ. ಬಂದದ್ದು ಆಗಲೇ ಮರಳು ಕುಡಿದಿತ್ತು.

ವೆಂಕಟೇಶ್ ಹೊಸ ಅಂಗಿಯಲ್ಲಿ ಓಡಿ ಬಂದ. ಅವಳು ಫೋನು ಕೈಗೆತ್ತಿಕೊಂಡದ್ದು ನೋಡಿ ಅಡ್ಡ ನಿಂತ.

"ಮಂಡಳಿಗೆ ಯಾಕ್ರಿ ಈಗ? ಇನ್ನೊಂದು ಮಳಿ ಬಂದ್ರ ಎಲ್ಲಾ ತೊಳಕೊಂಡು ಹೋಗ್ತೈತಿ."

"ಕೂಡ್ಲೆ ತಿಳಿಸಬೇಕು ಅಂತ ನಿಯಮ ಐತ್ರಿ."

"ತಿಳಿಸಿದ್ರ ವಾಲು ಯಾಕ ತೆರೆದಿತ್ತು ಅಂತ ಕೇಳ್ತಾರ. ನಿಮ್ಮನ್ನೂ ಕೇಳ್ತಾರ."

"ಕೇಳಲಿ" ಎಂದಳು. ಕೇಳಿದರು ಕೂಡ. ಪೂಜೆಯಾಗಿತ್ತು, ಮುಟ್ಟುವ ಹಾಗಿರಲಿಲ್ಲ ಎಂದು ವೆಂಕಟೇಶ್ ತೊದಲಿದ. ನಾನು ವರಾಂಡದಿಂದ ನೋಡುತ್ತಿದ್ದೆ, ಮುಚ್ಚಬಹುದಿತ್ತು, ಮುಚ್ಚಲಿಲ್ಲ ಎಂದು ಅವಳು ಹೇಳಿದಳು. ಬಂದ ಅಧಿಕಾರಿಗೆ ಇಬ್ಬರ ಮಾತೂ ಅರ್ಥವಾಗಲಿಲ್ಲ. ಸೋರಿಕೆಯಾದರೆ ಏನು ಮಾಡಬೇಕು ಎಂದು ಮಿಲ್ಲಿನವರೇ ಕೊಟ್ಟ ಯೋಜನೆ ಇದೆಯಲ್ಲ, ಅದರಂತೆ ಮಾಡಿ ಎಂದು ಹೇಳಿ ಹೋದರು. ಯೋಜನೆ ಬರೆದವಳು ಸಂಘಮಿತ್ರಾ. ಎಣ್ಣೆ ತಾಗಿದ ಮರಳನ್ನು ಶುದ್ಧ ನೆಲ ಸಿಗುವವರೆಗೆ ತೋಡಿ ತೆಗೆದು ಸಾಗಿಸತಕ್ಕದ್ದು ಎಂದು ಬರೆದಿದ್ದಳು. ಬರೆಯುವಾಗ ಅವಳ ಕಣ್ಣ ಮುಂದೆ ಯಾವುದೋ ಬೇರೆ ಮರಳು ಇತ್ತು.

ಒರತೆಯ ನೀರು ನಿಲ್ಲುತ್ತಿದ್ದದ್ದು ಮರಳಿನ ಕೆಳಗೆ ಬಂಡೆಯನ್ನು ಮುಚ್ಚಿದ್ದ ತೆಳ್ಳನೆಯ ಜೇಡಿಮಣ್ಣಿನ ಪದರಿನಿಂದ. ಎಣ್ಣೆ ಇಳಿದು ಆ ಜೇಡಿಯ ಮೇಲೆಯೇ ಕೂತಿತ್ತು. ಅದನ್ನು ತೆಗೆಯಬೇಕಾದರೆ ಜೇಡಿಯೂ ಹೋಗಬೇಕು, ಜೇಡಿ ಹೋದರೆ ನೀರು ಬಂಡೆಯ ಸೀಳಿನಲ್ಲಿ ಇಂಗಿಹೋಗುತ್ತದೆ. ತೆಗೆಯದಿದ್ದರೆ ಎಣ್ಣೆ ಮಳೆಮಳೆಗೆ ಸರಿಯುತ್ತ ಕೆಳಗಿನ ಬೋರುಗಳಿಗೆ ಇಳಿಯುತ್ತದೆ, ಊರಿಗೂ ಕೇರಿಗೂ ಬಟ್ಟೆ ಒಗೆಯುವ ನೀರೂ ಉಳಿಯುವುದಿಲ್ಲ. ಬೇರೆ ದಾರಿ ಇದೆಯೇ ಎಂದು ಓದಿದ ಕಡೆ, ಗೊತ್ತಿದ್ದ ಕಡೆಯೆಲ್ಲ ಕೇಳಿದಳು. ಎಲ್ಲರೂ ಅವಳು ಬರೆದದ್ದನ್ನೇ ತಿರುಗಿ ಹೇಳಿದರು.

ಜೆಸಿಬಿ ಹಳ್ಳಕ್ಕೆ ಇಳಿದ ದಿನ ಕೇರಿಯವರೆಲ್ಲ ದಂಡೆಯ ಮೇಲೆ ನಿಂತಿದ್ದರು. ಯಾರೂ ಗಲಾಟೆ ಮಾಡಲಿಲ್ಲ. ನಮ್ಮ ಹುಡುಗಿಯೇ ಮುಂದೆ ನಿಂತು ಮಾಡಿಸುತ್ತಿದ್ದಾಳೆ, ಅವಳಿಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದರು. ಅವರು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ರೇಣುಕಾದೇವಿ ಮಾತ್ರ ಒರತೆಯ ಅಂಚಿನಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು. ಜೆಸಿಬಿಯವನು ಎಷ್ಟು ಕೂಗಿದರೂ ಏಳಲಿಲ್ಲ. ಸಂಘಮಿತ್ರಾ ಇಳಿದು ಹೋಗಿ ಅವಳ ಪಕ್ಕದಲ್ಲಿ ಕುಕ್ಕರಿಸಿದಳು.

"ಏಳವ್ವ."

"ಯಾರು ಹೇಳ್ಯಾರ ಇದನ್ನ ತೋಡಾಕ?"

"ನಾನ ಹೇಳೀನಿ."

"ತೋಡಿದ ಮ್ಯಾಲ ಮತ್ತ ನೀರು ಬರ್ತೈತೇನು?"

ಬರುತ್ತದೆ ಎಂದರೆ ತಾಯಿ ಎದ್ದುಬಿಡುತ್ತಿದ್ದಳು. ಮಗಳ ಮಾತನ್ನು ಅವಳು ಯಾವತ್ತೂ ಅಳೆದು ನೋಡಿದವಳಲ್ಲ.

"ಬರಂಗಿಲ್ಲವ್ವ."

ರೇಣುಕಾದೇವಿ ಗುಂಡಿಯೊಳಗಿನ ಕಪ್ಪು ಕೆನೆ ನೋಡುತ್ತ ಕೂತಳು. ಆಮೇಲೆ ಸಂಘಮಿತ್ರಾ ಎಲ್ಲವನ್ನೂ ಹೇಳಿದಳು. ವೆಂಕಟೇಶ್ ಬರಬೇಡ ಅಂದದ್ದು, ಹಾರ ಬಿದ್ದದ್ದು, ಕಾಳಪ್ಪ ಬಾಗಿಲಲ್ಲಿ ಬಂದು ನಿಂತದ್ದು, ಅವನ ಬಾಯಿಂದ ಒಂದು ಮಾತು ಬರಲಿ ಎಂದು ತಾನು ಕಾದದ್ದು, ಬರದಿದ್ದಾಗ ಮನೆಗೆ ಬಂದುಬಿಟ್ಟದ್ದು. ಮಳೆಯಲ್ಲಿ ಚಪ್ಪಲಿ ಮೆಟ್ಟಿ ಬಿಟ್ಟದ್ದನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಜೆಸಿಬಿಯವನು ಎಂಜಿನ್ನು ಬಂದ್ ಮಾಡಿ ಬೀಡಿ ಹಚ್ಚಿದ.

"ನಿಮ್ಮಪ್ಪ ಇದ್ದಿದ್ರ ನೀ ಮಾಡಿದ್ದ ಸರಿ ಐತಿ ಅಂತಿದ್ದ" ಎಂದಳು ತಾಯಿ ಕೊನೆಗೆ. "ಕರೀದವರ ಅಂಗಳಕ್ಕ ಯಾಕ ಹೋಗಬೇಕು ಅಂತಿದ್ದ. ನಿಮ್ಮಿಬ್ಬರದೂ ಒಂದ ತಲಿ. ನನಗ ನೀರು ಬೇಕಾಗಿತ್ತಬೇ."

ಕೈ ಕೊಡಲು ಹೋದರೆ ಹಿಡಿಯಲಿಲ್ಲ. ನೆಲಕ್ಕೆ ಅಂಗೈ ಊರಿ ತಾನೇ ಎದ್ದಳು. ದಂಡೆ ಹತ್ತಿ, ಹೆಂಗಸರ ನಡುವೆ ಹೋಗಿ ನಿಂತಳು. ಅವರಲ್ಲೊಬ್ಬಳು ಅವಳ ತಲೆಯ ಮೇಲೆ ಸೆರಗು ಸರಿಮಾಡಿದಳು.

ಜೆಸಿಬಿಯವನು ಬೀಡಿ ಎಸೆದು ಎಂಜಿನ್ನು ಚಾಲೂ ಮಾಡಿದ. ಬಕೆಟ್ಟನ್ನು ಒರತೆಯ ಮೇಲಕ್ಕೆ ತಂದು ನಿಲ್ಲಿಸಿ, ಮೇಡಂ ಕೈ ಎತ್ತಲಿ ಎಂದು ಅವಳ ಕಡೆ ನೋಡುತ್ತ ಕೂತ. ಅವಳು ಕೈ ಎತ್ತಿದಳು.